ಕೆಂಪು ತೇಪೆಯ ಕೆಳಗೆ

12 ಫೆಬ್ರವರಿ

ಗುಂಡಿಗೆ,

ನಿಮ್ಮ ಕಡಲ್ಗಳ್ಳರ ಕೂಟದ ಆರ್ಡರ್ ನಿನ್ನೆ ಬಂತು. ಹದಿನೆಂಟು ಗಂಡಸರಿಗೆ ಕೋಟು, ಮಂಡಿಯವರೆಗಿನ ಚಡ್ಡಿ, ಮೂರು ಹೆಂಗಸರಿಗೆ ಉದ್ದ ಉಡುಪು. ಮಾರ್ಚ್ ಹದಿನೈದಕ್ಕೆ ತಾಲೀಮು, ಮೇ ಮೂವತ್ತಕ್ಕೆ ದೊಡ್ಡ ಕೂಟ. ವರ್ಷವೆಲ್ಲ ಕಾರ್ಖಾನೆಯಲ್ಲಿ ಹಾಜರಿ ಹಾಕುವ ಗಂಡಸರಿಗೆ ಎರಡು ದಿನ ಕಡಲ್ಗಳ್ಳರ ವೇಷ ಕಟ್ಟಿ ಆಡುವ ಹುಚ್ಚು, ಅದಕ್ಕೆ ಮುರಿಯುವುದು ನನ್ನ ಸೊಂಟ. ಜಿಪ್ ಇರಬಾರದು, ಎಲಾಸ್ಟಿಕ್ ಇರಬಾರದು, ಮುನ್ನೂರು ವರ್ಷದ ಹಿಂದೆ ಇಲ್ಲದ್ದು ಯಾವುದೂ ಇರಬಾರದು. ಹೊರಗೆ ಕಾಣುವ ಹೊಲಿಗೆಯೆಲ್ಲ ಕೈಯದೇ ಆಗಬೇಕು. ಹೋದ ವರ್ಷ ನಿಮ್ಮವನೊಬ್ಬ ಮಹಾನುಭಾವ ಭೂತಗನ್ನಡಿ ಹಿಡಿದು ನನ್ನ ಕಾಜಾ ನೋಡಿದನಂತೆ. ಈ ಸಲ ಅವನ ಕುತ್ತಿಗೆ ಪಟ್ಟಿಯೊಳಗೆ ಒಂದು ಗುಂಡುಸೂಜಿ ಮರೆತುಬಿಡೋಣ ಅಂತಿದ್ದೇನೆ.

ತಮಾಷೆ ಸಾಕು. ನಿನ್ನ ಗಂಡನೇ ಈ ಸಲವೂ ಕ್ಯಾಪ್ಟನ್. ಅವರಿಗೆ ಹೊಸ ಕೋಟು. ಎಡ ಎದೆಯ ಮೇಲಿನ ಕೆಂಪು ತೇಪೆಯ ಜಾಗವನ್ನು ಸರಿಯಾಗಿ ಅಳೆದು ಕಳಿಸು, ಹೆಗಲ ಹೊಲಿಗೆಯಿಂದ ಎಷ್ಟು ಕೆಳಗೆ, ನಡು ಎದೆಯಿಂದ ಎಷ್ಟು ಎಡಕ್ಕೆ ಅಂತ. ಹಡಗಿನವರು ಕ್ಯಾಪ್ಟನ್ ಮೇಲೆ ತಿರುಗಿಬೀಳುವ ದಂಗೆಯ ಆಟದಲ್ಲಿ ಈಟಿ ಹಿಡಿದು ಓಡಿ ಬರುವವನು ಆ ತೇಪೆಯೊಂದನ್ನೇ ನೋಡಿ ಚುಚ್ಚುತ್ತಾನೆ. ಕೆಳಗೆ ನಾನು ಹೊಲಿದ ಗಟ್ಟಿ ಚರ್ಮ ಇದೆಯೆಂಬ ಧೈರ್ಯಕ್ಕೆ ಮೈಯ ಶಕ್ತಿಯೆಲ್ಲ ಹಾಕುತ್ತಾನೆ. ಮೇಲಿನ ಬೀಟ್‌ರೂಟ್ ರಸದ ಚೀಲ ಒಡೆಯುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಸತ್ತವನು ಎದ್ದು ಊಟಕ್ಕೆ ಹೋಗುತ್ತಾನೆ. ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತಿದ್ದೇನೆ, ಎರಡು ವರ್ಷದ ಹಿಂದೆ ಇನ್ನೊಂದು ತಂಡದವನಿಗೆ ಯಾರೋ ಹೊಲಿದುಕೊಟ್ಟ ಚರ್ಮ ನಾಲ್ಕು ಬೆರಳು ಜಾರಿತ್ತು. ಈಟಿಯ ತುದಿ ಮೊಂಡು, ಹೆಬ್ಬೆರಳು ಗಾತ್ರದ್ದು. ಆದರೂ ಪಕ್ಕೆಲುಬು ಮುರಿದು ಒಳಕ್ಕೆ ಹೋಯಿತು, ಆಸ್ಪತ್ರೆ ಮುಟ್ಟುವ ಮೊದಲೇ ಅವನು ಮುಗಿದ.

ನಿನ್ನ ಅಳತೆಯನ್ನೂ ಬರೆದು ಕಳಿಸು. ಫೋನಿನಲ್ಲಿ ಅಳತೆ ತೆಗೆದುಕೊಳ್ಳುವುದಿಲ್ಲ ಅಂತ ಗೊತ್ತಲ್ಲ. ಹೇಗೂ ನೀನು ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ, ದೊಡ್ಡ ಮನುಷ್ಯಳಾಗಿಬಿಟ್ಟೆ.

ನಿನ್ನ ಅಕ್ಕ


20 ಫೆಬ್ರವರಿ

ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ.

ಅವರ ಅಳತೆ: ಎದೆ 42, ಸೊಂಟ 38, ಹೆಗಲು 19, ತೋಳು 25. ಕೆಂಪು ತೇಪೆಯ ಜಾಗ ಹೆಗಲ ಹೊಲಿಗೆಯಿಂದ 9 ಇಂಚು ಕೆಳಗೆ, ನಡುವಿನಿಂದ ಎಡಕ್ಕೆ ನಾಲ್ಕು.

ನನ್ನ ಅಳತೆ: ಎದೆ 33, ಸೊಂಟ 26. ಕುತ್ತಿಗೆ ಪೂರ್ತಿ ಮುಚ್ಚುವಂತಿರಲಿ, ಕಿವಿಯ ಕೆಳಗಿನವರೆಗೂ ಪಟ್ಟಿ ಇರಲಿ. ಬಲ ಮುಂಗೈ ಸುತ್ತಳತೆ 9. ಎಡ ಮುಂಗೈ ಸುತ್ತಳತೆ 14, ಮೊಣಕೈಯಿಂದ ಬೆರಳ ಬುಡದವರೆಗೂ ಅಷ್ಟೇ. ಅಳತೆ ಸರಿಯಾಗಿದೆ, ಹಾಗೇ ಹೊಲಿ.

ನಿನ್ನ ತಂಗಿ

(ಅತ್ತಿಗೆಯವರಿಗೆ ನಮಸ್ಕಾರ. ಇವಳ ಕಾಗದ ಯಾವಾಗಲೂ ಒಣಒಣ, ಅದಕ್ಕೇ ಅಂಟಿಸುವ ಮೊದಲು ನಾನೊಂದು ಸಲ ಓದಿ ನಾಲ್ಕು ಮಾತು ಸೇರಿಸುತ್ತೇನೆ. ಹೋದ ವರ್ಷದ ಕೋಟನ್ನು ಎಲ್ಲರೂ ಮೆಚ್ಚಿದರು. ಈ ಸಲ ಇನ್ನೂ ಭರ್ಜರಿಯಾಗಿರಲಿ. ಕ್ಯಾಪ್ಟನ್ ಅಂದರೆ ಹಡಗಿನಲ್ಲಿ ಎಲ್ಲರೂ ನಡುಗಬೇಕು.)


4 ಮಾರ್ಚ್

ಗುಂಡಿಗೆ,

ನಿನ್ನ ಉಡುಪು ಈ ಪಾರ್ಸೆಲ್‌ನಲ್ಲಿದೆ. ಅಳತೆ ಚೀಟಿ ಓದಿ ನಾನೂ ಪಕ್ಕದ ಅಂಗಡಿಯ ಇಸ್ತ್ರಿಯವಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದು ಕೈ ಒಂಬತ್ತು, ಇನ್ನೊಂದು ಹದಿನಾಲ್ಕು. ಎಡಗೈಯಲ್ಲೇನು ಕುಸ್ತಿ ಆಡುತ್ತೀಯ? ಟೇಪನ್ನು ಹಿಂದುಮುಂದಾಗಿ ಹಿಡಿದು ಅಳೆದಿರಬೇಕು. ಹನ್ನೊಂದು ವರ್ಷ ನನ್ನ ಪಕ್ಕ ಕೂತು ಕಾಜಾ ಹಾಕಿದವಳು ಟೇಪು ಓದುವುದನ್ನೇ ಮರೆತಿದ್ದೀಯ. ನಿನ್ನ ಕೈ ನನಗೆ ಗೊತ್ತಿಲ್ಲವೇ? ಎರಡಕ್ಕೂ ಒಂಬತ್ತೂವರೆ ಇಟ್ಟು ಬಿಗಿಯಾದ ಚೆಂದದ ತೋಳು ಹೊಲಿದಿದ್ದೇನೆ.

ಕುತ್ತಿಗೆ ವಿಷಯದಲ್ಲೂ ನಿನ್ನ ಮಾತು ಕೇಳಲಿಲ್ಲ. ಆ ಕಾಲದ ಬಂದರಿನ ಹೆಂಗಸರು ಹೆಗಲು ಕಾಣುವ ಹಾಗೆ ಉಡುತ್ತಿದ್ದರು. ಕಿವಿವರೆಗೆ ಮುಚ್ಚಿಕೊಂಡು ನಿಂತರೆ ಆ ಭೂತಗನ್ನಡಿಯವನು ನನ್ನನ್ನು ಆಡಿಕೊಳ್ಳುತ್ತಾನೆ. ಇಪ್ಪತ್ತೊಂಬತ್ತು ವರ್ಷಕ್ಕೇ ಅಜ್ಜಿಯಾಗಬೇಡ.

ನಿನ್ನ ಗಂಡನ ಮಾತು ಓದಿ ಖುಷಿಯಾಯಿತು. ಹೆಂಡತಿಯ ಅಕ್ಕನಿಗೆ ನಾಲ್ಕು ಸಾಲು ಬರೆಯುವ ಗಂಡಸರು ಎಷ್ಟು ಜನ ಇದ್ದಾರೆ? ಪುಣ್ಯ ಮಾಡಿದ್ದೀಯ.

ನಿನ್ನ ಅಕ್ಕ


25 ಮಾರ್ಚ್

ಅಕ್ಕನಿಗೆ,

ಉಡುಪು ತಲುಪಿತು, ಚೆನ್ನಾಗಿದೆ. ಎಡತೋಳು ಸ್ವಲ್ಪ ಬಿಗಿಯಾಗಿತ್ತು, ಹೊಲಿಗೆ ಬಿಚ್ಚಿಕೊಂಡು ಹಾಕಿಕೊಂಡೆ. ತಾಲೀಮು ಚೆನ್ನಾಗಿ ಆಯಿತು. ಉಡುಪನ್ನು ಸರಿಮಾಡಲು ವಾಪಸು ಕಳಿಸುತ್ತಿದ್ದೇನೆ. ಸೊಂಟದ ಲೈನಿಂಗ್ ಸುಕ್ಕು ಬರುತ್ತಿದೆ, ಪೂರ್ತಿ ಬಿಚ್ಚಿ ನೋಡು.

ನಿನ್ನ ತಂಗಿ


(ಸೊಂಟದ ಲೈನಿಂಗ್ ಒಳಗೆ, ನಾಲ್ಕು ಮಡಿಕೆ ಮಾಡಿದ ಒಂದೇ ಹಾಳೆ)

25 ಮಾರ್ಚ್

ಅಕ್ಕಾ,

ಅವರು ಕೆಲಸಕ್ಕೆ ಹೋದ ಮೇಲೆ ಬರೆಯುತ್ತಿದ್ದೇನೆ. ನನ್ನ ಫೋನ್ ಅವರ ಜೇಬಿನಲ್ಲಿರುತ್ತದೆ. ಪಾರ್ಸೆಲ್ ಬಿಚ್ಚಿ ನೋಡುತ್ತಾರೆ, ಆದರೆ ಹೊಲಿಗೆ ಬಿಚ್ಚಿ ನೋಡುವುದು ಅವರಿಗೆ ಹೊಳೆಯುವುದಿಲ್ಲ.

ನಾನು ಟೇಪು ಸರಿಯಾಗಿಯೇ ಓದಿದ್ದೆ. ಹದಿನಾಲ್ಕು ಇಂಚು ಪ್ಲಾಸ್ಟರಿನ ಅಳತೆ. ಫೆಬ್ರವರಿ ಎಂಟರಂದು ಅವರ ಅಂಗಿಗೆ ಇಸ್ತ್ರಿ ಗುರುತು ಬಿತ್ತು. ಕಬ್ಬಿಣದ ಬೀರುವಿನ ಸಂದಿಯಲ್ಲಿ ನನ್ನ ಕೈ ಹಿಡಿದಿಟ್ಟು ಬಾಗಿಲು ಒದ್ದರು. ಎರಡು ಸಲ. ಕುತ್ತಿಗೆಯ ಮೇಲೆ ಅವರ ಹೆಬ್ಬೆರಳುಗಳ ಗುರುತು, ಒಂದು ಮಾಸುವಷ್ಟರಲ್ಲಿ ಇನ್ನೊಂದು ಬೀಳುತ್ತದೆ, ಅದಕ್ಕೇ ಪಟ್ಟಿ ಕೇಳಿದ್ದೆ. ನೀನು ಕಳಿಸಿದ ತೋಳಿನಲ್ಲಿ ಪ್ಲಾಸ್ಟರ್ ಹೋಗಲಿಲ್ಲ. ಬಿಚ್ಚಿದೆ, ಕೈ ಎಲ್ಲರಿಗೂ ಕಂಡಿತು, ಕುತ್ತಿಗೆಯೂ ಕಂಡಿತು. ತಾಲೀಮಿಗೆ ಬಂದಿದ್ದ ಒಬ್ಬ ಹೆಂಗಸು ಎಲ್ಲರೆದುರು "ಇದೇನಮ್ಮ, ಯಾರು ಹೊಡೆದ್ರು?" ಎಂದು ಕೇಳಿಬಿಟ್ಟಳು. ಅವರು ನಗುತ್ತಾ "ಬಚ್ಚಲಲ್ಲಿ ಜಾರಿ ಬಿದ್ಲು" ಎಂದರು. ಮನೆಗೆ ಬಂದ ಮೇಲೆ "ನನ್ನ ಮಾನ ತೆಗಿಯೋಕೆ ಬಿಚ್ಚಿ ತೋರಿಸ್ತೀಯಾ?" ಎನ್ನುತ್ತಾ ಆ ಕೈಯನ್ನೇ ಊಟದ ಮೇಜಿನ ಅಂಚಿಗೆ ಬಡಿದರು. ಮೊದಲು ಬಿರುಕು ಬಿಟ್ಟದ್ದು ಪ್ಲಾಸ್ಟರ್, ಆಮೇಲೆ ಮೂಳೆ. ಆಸ್ಪತ್ರೆಯಲ್ಲಿ ಮತ್ತೆ ಬಚ್ಚಲು ಎಂದೇ ಬರೆಸಿದರು. ನಿನ್ನದು ತಪ್ಪಲ್ಲ, ನಿನಗೆ ಹೇಗೆ ಗೊತ್ತಾಗಬೇಕು. ಹೇಳದಿದ್ದರೆ ನೀನು ಮುಂದಿನ ಸಲವೂ ತಿದ್ದುತ್ತೀಯ, ಅದಕ್ಕೇ ಹೇಳಿದೆ.

ಈಗ ನನ್ನದೊಂದು ಬೇಡಿಕೆ. ಮೇ ತಿಂಗಳ ಕೋಟಿಗೆ ಕೆಂಪು ತೇಪೆ ಹಾಕು. ಕೆಳಗೆ ಚರ್ಮ ಹಾಕಬೇಡ. ಬರೀ ಹತ್ತಿ ತುಂಬು. ಈಟಿ ಹಿಡಿದು ಚುಚ್ಚುವವನು ಇವರ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನು, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸುವಷ್ಟು ಎತ್ತರ, ಎಲ್ಲರೂ ಕಂಬ ಅನ್ನುತ್ತಾರೆ. ಅವನ ಒಂದು ಏಟು ಸಾಕು. ಯಾರಿಗೂ ಅನುಮಾನ ಬರುವುದಿಲ್ಲ, ಚರ್ಮ ಜಾರಿತು ಅನ್ನುತ್ತಾರೆ. ನಾನು ಯೋಚನೆ ಮಾಡಿಯೇ ಕೇಳುತ್ತಿದ್ದೇನೆ.


11 ಏಪ್ರಿಲ್

(ಅದೇ ಉಡುಪಿನ ಸೊಂಟದೊಳಗೆ)

ಗುಂಡಿ,

ನಿನ್ನ ಹಾಳೆ ಓದಿ ಕತ್ತರಿಸುವ ಮೇಜಿನ ಕೆಳಗೆ ಕುಸಿದು ಕೂತೆ. ಇಸ್ತ್ರಿಯವಳು ಬಂದು "ಏನಾಯ್ತಕ್ಕ?" ಎಂದಳು, ಸೂಜಿ ಹುಡುಕುತ್ತಿದ್ದೇನೆ ಎಂದೆ. ನಾವಿಬ್ಬರೂ ನಕ್ಕಿದ್ದೆವಲ್ಲ ಆ ಹದಿನಾಲ್ಕು ಇಂಚಿಗೆ, ಅದು ನೆನಪಾಗಿ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು. ಪುಣ್ಯ ಮಾಡಿದ್ದೀಯ ಅಂತ ಬೇರೆ ಬರೆದಿದ್ದೆ. ನನ್ನ ಪುಣ್ಯಕ್ಕಿಷ್ಟು ಬೆಂಕಿ ಬೀಳಲಿ.

ಅವನ ಕೈ ಸೇದಿಹೋಗಲಿ. ಅವನ ಕೋಟು ನನ್ನ ಕೈಯಲ್ಲಿದೆ, ಕಚ್ಚಾ ಹೊಲಿಗೆ ಹಾಕಿ ಇಟ್ಟಿದ್ದೇನೆ. ನೋಡಿದಾಗಲೆಲ್ಲ ಕತ್ತರಿ ಹಾಕಿ ಚಿಂದಿ ಮಾಡಬೇಕು ಅನ್ನಿಸುತ್ತದೆ. ಆದರೆ ನೀನು ಕೇಳಿದ್ದು ನನ್ನಿಂದಾಗುವುದಿಲ್ಲ. ಚುಚ್ಚುವವನು ನಾನಲ್ಲ, ನೀನಲ್ಲ, ಆ ಕಂಬ ಅನ್ನುವವನು. ಅವನು ನಿನಗೇನು ಮಾಡಿದ್ದಾನೆ? ಆಟ ಅಂದುಕೊಂಡು ಓಡಿಬಂದವನ ಕೈಗೆ ನಾವಿಬ್ಬರೂ ಸೇರಿ ಒಂದು ಹೆಣ ಕೊಡಬೇಕೇ?

ಬಂದುಬಿಡು. ಉಟ್ಟ ಬಟ್ಟೆಯಲ್ಲೇ ರೈಲು ಹತ್ತು. ಎರಡು ದಿನದ ದಾರಿ, ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ.

ಅಕ್ಕ


29 ಏಪ್ರಿಲ್

(ರಿಪೇರಿಗೆ ಬಂದ ಹಳೆಯ ಚಡ್ಡಿಯ ಸೊಂಟಪಟ್ಟಿಯೊಳಗೆ)

ಅಕ್ಕಾ,

ರೈಲು ಹತ್ತಿದ್ದೆ. ಹೋದ ವರ್ಷ, ನಿನಗೆ ಹೇಳಿರಲಿಲ್ಲ. ಮೂರನೇ ನಿಲ್ದಾಣದಲ್ಲಿ ಅವರು ಕಾರಿನಲ್ಲಿ ಬಂದು ಕಾಯುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ನೀರಿನ ಬಾಟಲಿ ಕೊಡಿಸಿದರು, "ಹುಷಾರಿಲ್ಲ ಇವಳಿಗೆ" ಎಂದು ಪಕ್ಕದವರಿಗೆ ಹೇಳಿದರು. ಕಾರಿನೊಳಗೆ ನನ್ನ ಕಾಲಿನ ಕಿರುಬೆರಳನ್ನು ಸೈಕಲ್ ರಿಪೇರಿ ಇಕ್ಕಳದಲ್ಲಿ ಹಿಡಿದು ತಿರುಚಿದರು. ಇನ್ನೊಂದು ಸಲ ಹೋದರೆ ನೇರ ನಿನ್ನ ಅಂಗಡಿಗೆ ಬರುತ್ತಾರಂತೆ. "ಬಟ್ಟೆ ಅಂಗಡಿ ಎಷ್ಟು ಬೇಗ ಉರಿಯುತ್ತೆ ಗೊತ್ತಾ?" ಎಂದು ಕೇಳಿದರು. ನೀನು ಒಳಗೇ ಮಲಗುತ್ತೀಯೆಂದು ಅವರಿಗೆ ಗೊತ್ತು.

ಕಂಬಣ್ಣ ನನಗೇನೂ ಮಾಡಿಲ್ಲ. ತಾಲೀಮಿನಲ್ಲಿ ಪ್ರತಿ ಸಲ ಈಟಿ ಎತ್ತುವ ಮೊದಲು "ಹೊಡೀಲಾ ಅಣ್ಣ?" ಎಂದು ಕೇಳುತ್ತಾನೆ, ಎಲ್ಲರೂ ಬಿದ್ದುಬಿದ್ದು ನಗುತ್ತಾರೆ. ಅವನೇನೂ ಬೇಕೆಂದು ಮಾಡಿದ ಹಾಗಾಗುವುದಿಲ್ಲವಲ್ಲ. ನಾಲ್ಕು ದಿನ ಅತ್ತು ಸುಮ್ಮನಾಗುತ್ತಾನೆ. ನಾನು ಏಳು ವರ್ಷದಿಂದ ಸುಮ್ಮನಿದ್ದೇನೆ.

ಕೇಳಿದ್ದು ಕೇಳಿದ್ದೇ. ನೀನು ಚರ್ಮ ಹಾಕಿದರೆ ನಾನು ತೆಗೆಯುತ್ತೇನೆ. ನಿನ್ನ ಹೊಲಿಗೆ ಬಿಚ್ಚಿ ಮತ್ತೆ ನಿನ್ನ ಹಾಗೇ ಹೊಲಿಯಲು ನನಗೆ ಅರ್ಧ ಗಂಟೆ ಬೇಡ, ನೀನೇ ಕಲಿಸಿದ್ದು.


16 ಮೇ

ಗುಂಡಿಗೆ,

ಹದಿನೆಂಟು ಕೋಟುಗಳೂ ಎರಡು ಪೆಟ್ಟಿಗೆಯಲ್ಲಿ ಬರುತ್ತಿವೆ. ಕ್ಯಾಪ್ಟನ್ ಕೋಟು ಮೇಲಿದೆ. ಹಿತ್ತಾಳೆ ಗುಂಡಿಗಳನ್ನು ಉಪ್ಪುನೀರಿನಲ್ಲಿಟ್ಟು ಹಳತು ಮಾಡಿದ್ದೇನೆ, ತೋಳಂಚನ್ನು ಮರಳು ಕಾಗದದಲ್ಲಿ ಉಜ್ಜಿದ್ದೇನೆ. ಆ ಕೋಟನ್ನು ನೀನು ಹೇಳಿದ ಹಾಗೆಯೇ ಹೊಲಿದಿದ್ದೇನೆ. ಬೇಕಾದರೆ ಮುಟ್ಟಿ ನೋಡು, ಬಿಚ್ಚುವ ಅಗತ್ಯವಿಲ್ಲ.

ಜೂನ್ ಮೊದಲ ವಾರ ನಾನೇ ಅಲ್ಲಿಗೆ ಬರುತ್ತೇನೆ. ನಿನ್ನ ಗಂಡನಿಗೆ ನಮಸ್ಕಾರ ಹೇಳು.

ಅಕ್ಕ


14 ಜೂನ್

ಅಕ್ಕಾ,

ನೀನು ಒಂಬತ್ತು ದಿನ ನನ್ನ ಹಾಸಿಗೆಯ ಪಕ್ಕ ಕೂತಿದ್ದೆ. ನನ್ನ ದವಡೆಗೆ ತಂತಿ ಕಟ್ಟಿದ್ದರು, ಮಾತು ಬರುತ್ತಿರಲಿಲ್ಲ. ನೀನು ಕಾಗದ, ಪೆನ್ನು ಕೊಟ್ಟೆ, ನಾನು ಬರೆಯಲಿಲ್ಲ. ಮನೆ ಸರಿಮಾಡಿ ಕರೆದುಕೊಂಡು ಹೋಗಲು ಬರುತ್ತೇನೆಂದು ನೀನು ರೈಲು ಹತ್ತಿದ ಮೇಲೆ ಪೆನ್ನು ಹಿಡಿದಿದ್ದೇನೆ. ನೀನು ಎದುರಿಗಿದ್ದರೆ ನಿನ್ನ ಮೇಲಿನ ಸಿಟ್ಟನ್ನು ಬರೆಯಲು ಆಗುತ್ತಿರಲಿಲ್ಲ.

ಕೋಟು ಬಂದ ದಿನ ಅದರ ತೇಪೆಯನ್ನು ಹಿಸುಕಿ ನೋಡಿದೆ. ಹತ್ತಿಯೇ ಅನ್ನಿಸಿತು. ನೀನು ಎಂದೂ ನನಗೆ ಸುಳ್ಳು ಹೇಳಿದವಳಲ್ಲ, ಅದಕ್ಕೇ ಬಿಚ್ಚಲಿಲ್ಲ. ಮೂವತ್ತರ ಬೆಳಗ್ಗೆ ನಾನೇ ಅವನಿಗೆ ಆ ಕೋಟು ತೊಡಿಸಿ ಗುಂಡಿ ಹಾಕಿದೆ. ಹನ್ನೊಂದು ಗುಂಡಿ.

ಮೈದಾನದಲ್ಲಿ ಮರದ ಹಡಗು ಕಟ್ಟಿದ್ದರು, ಮುನ್ನೂರು ಜನ ಸೇರಿದ್ದರು. ದಂಗೆಯ ಆಟ ಶುರುವಾಯಿತು. ಕಂಬಣ್ಣ ಹಲಗೆಯ ಮೇಲೆ ಈಟಿ ಹಿಡಿದು ನಿಂತ. ಎಂದಿನ ಹಾಗೆ ಕೇಳಿದ, "ಹೊಡೀಲಾ ಅಣ್ಣ?" ಜನ ನಕ್ಕರು. ಅವನೂ ನಾಚಿಕೊಂಡು ನಕ್ಕ. ಇವನು ನಾಲ್ಕು ದಿನ ಅತ್ತು ಸುಮ್ಮನಾಗುವವನಲ್ಲ, ಬದುಕಿರುವವರೆಗೂ ರಕ್ತ ಅಂಟಿದೆಯೆಂದು ಕೈ ತೊಳೆಯುತ್ತಲೇ ಇರುವವನು ಅಂತ ಆ ನಗು ನೋಡಿ ಗೊತ್ತಾಯಿತು. ಅವನು ಓಡಿ ಬರುತ್ತಿದ್ದ. ನಾನು ಕೂಗಿದೆ, "ಕಂಬಣ್ಣ, ಬೇಡ, ಒಳಗೆ ಚರ್ಮ ಇಲ್ಲ."

ಈಟಿ ತೇಪೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಅವನು, ನನ್ನ ಗಂಡ, ಮೊದಲು ನನ್ನ ಮುಖ ನೋಡಿದ. ಆಮೇಲೆ ಚಾಕು ತೆಗೆದು ತೇಪೆಯನ್ನು ಕೊಯ್ದು ಬೆರಳು ಹಾಕಿ ಎಳೆದ. ಚರ್ಮ ಬಂತು. ಮೆತ್ತನೆಯ ಚರ್ಮ, ಮಧ್ಯೆ ಮಧ್ಯೆ ಹತ್ತಿ ಇಟ್ಟು ಹೊಲಿದ ನಾಲ್ಕು ಪದರ. ಚರ್ಮ ಇರುವ ಕೋಟಿನಲ್ಲಿ ಚರ್ಮ ಇಲ್ಲ ಎಂದು ಹೆಂಡತಿ ಯಾಕೆ ಕೂಗಿದಳು? ಅವನು ದಡ್ಡನಲ್ಲ, ಒಂದೇ ಕ್ಷಣದಲ್ಲಿ ಅರ್ಥಮಾಡಿಕೊಂಡ. ಜನರ ಕಡೆ ತಿರುಗಿ ಕ್ಯಾಪ್ಟನ್ ದನಿಯಲ್ಲಿ ಹೇಳಿದ, "ನೋಡ್ರಪ್ಪಾ, ಹಡಗಲ್ಲಿ ದ್ರೋಹಿ ಸಿಕ್ಕಿದಾಳೆ. ದ್ರೋಹಿಗೆ ಏನು ಮಾಡೋಣ?"

ಜನ "ಹೊಡಿ, ಹೊಡಿ" ಎಂದು ಕೂಗಿದರು. ಆಟ ಅಂದುಕೊಂಡರು, ನಾವೆಲ್ಲ ವೇಷದಲ್ಲಿದ್ದೆವಲ್ಲ.

ಕೂದಲು ಹಿಡಿದು ಎಳೆದುಕೊಂಡು ಹೋಗಿ ಹಾಯಿಯ ಮರಕ್ಕೆ ಒತ್ತಿ ನಿಲ್ಲಿಸಿದ. ಕತ್ತಿಯ ಹಿಡಿಯಿಂದ ದವಡೆಗೆ ಕೊಟ್ಟ. ಜನ "ಒಂದು" ಎಂದರು. ಕತ್ತಿಯ ಮಗ್ಗುಲಿನಿಂದ ಎಡಗೈಗೆ, ಅದೇ ಕೈಗೆ. "ಎರಡು" ಎಂದರು. ನಾನು ಕಿರುಚಿದಾಗ ಚಪ್ಪಾಳೆ ತಟ್ಟಿದರು, ಚೆನ್ನಾಗಿ ಮಾಡುತ್ತಾಳೆ ಅಂತ. ಬಿದ್ದ ಮೇಲೆ ಬೂಟಿನಲ್ಲಿ ಹೊಟ್ಟೆಗೆ. ಮೂರು, ನಾಲ್ಕು, ಐದು. ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ಎಣಿಸುತ್ತಿತ್ತು. ನನ್ನ ಬಾಯಿಂದ ಎರಡು ಹಲ್ಲು ಹಲಗೆಯ ಮೇಲೆ ಬಿದ್ದವು. ಕಂಬಣ್ಣ ಅವುಗಳನ್ನು ನೋಡಿದ. ಬಗ್ಗಿ ಒಂದನ್ನು ಕೈಗೆ ತೆಗೆದುಕೊಂಡು ನೋಡಿದ. "ಅಣ್ಣ, ಬಿಡಿ" ಎಂದ. "ಅಣ್ಣ, ನಿಜವಾಗ್ಲೂ ರಕ್ತ ಬರ್ತಿದೆ, ಸಾಕು" ಎಂದ. ಏಳು ಎಂದು ಜನ ಕೂಗಿದಾಗ ಇವನು ನನ್ನ ಕುತ್ತಿಗೆಯ ಮೇಲೆ ಮಂಡಿಯೂರಿ ಕೂತಿದ್ದ, ನನಗೆ ಉಸಿರಿರಲಿಲ್ಲ. ಕಂಬಣ್ಣ ಈಟಿಯನ್ನು ತಿರುಗಿಸಿ ಹಿಡಿದು ಹಿಂಬದಿಯ ದಪ್ಪ ಮರದಿಂದ ಇವನ ತಲೆಗೆ ಹೊಡೆದ. ಎರಡೇ ಏಟು, ಇವನು ಮತ್ತೆ ಏಳಲಿಲ್ಲ. ಈ ಸಲ ಹೊಡೀಲಾ ಎಂದು ಕೇಳಲಿಲ್ಲ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು, ಬಹಳ ಹೊತ್ತು ತಟ್ಟಿದರು.

ಕಂಬಣ್ಣನನ್ನು ಕೊಲೆಗಾರನಾಗುವುದರಿಂದ ತಪ್ಪಿಸಬೇಕೆಂದು ನಾನು ಕೂಗಿದೆ. ಆ ಕೂಗೇ ಅವನನ್ನು ಕೊಲೆಗಾರ ಮಾಡಿತು. ಚರ್ಮ ಇದೆಯೆಂದು ನೀನು ಹೇಳಿದ್ದರೆ ನಾನು ಕೂಗುತ್ತಿರಲಿಲ್ಲ ಅಕ್ಕ. ಈಟಿ ಚರ್ಮಕ್ಕೆ ತಾಗುತ್ತಿತ್ತು, ಬೀಟ್‌ರೂಟ್ ರಸ ಚೆಲ್ಲುತ್ತಿತ್ತು, ಎಲ್ಲರೂ ಊಟಕ್ಕೆ ಹೋಗುತ್ತಿದ್ದೆವು. ಯಾಕೆ ಸುಳ್ಳು ಹೇಳಿದೆ?

ಕಂಬಣ್ಣ ಜೈಲಿನಲ್ಲಿದ್ದಾನೆ. "ನಾನೇ ಹೊಡೆದೆ" ಎಂಬುದು ಬಿಟ್ಟು ಬೇರೆ ಮಾತಾಡುತ್ತಿಲ್ಲವಂತೆ. ತಂಡದ ಹದಿನಾರು ಜನರೂ ಒಂದೇ ಮಾತು ಬರೆದುಕೊಟ್ಟಿದ್ದಾರೆ: ಕ್ಯಾಪ್ಟನ್ ನಟನೆ ಮಾಡುತ್ತಿದ್ದರು, ಕಂಬನಿಗೆ ಹಳೆಯ ದ್ವೇಷವಿತ್ತು, ಹೆಂಗಸಿಗೆ ಆದ ಗಾಯ ನೂಕುನುಗ್ಗಲಿನಲ್ಲಿ ಬಿದ್ದದ್ದು. ಎಣಿಸಿದವರು ನಾವು ಎಂದು ಯಾರು ಹೇಳುತ್ತಾರೆ? ಆಸ್ಪತ್ರೆಯ ಹಳೆಯ ಚೀಟಿಗಳಲ್ಲಿ ಬಚ್ಚಲು ಅಂತಿದೆ. ಕಂಬಣ್ಣನ ವಕೀಲರು ನಿನ್ನೆ ಬಂದಿದ್ದರು. "ನಿಮ್ಮ ಗಂಡ ಮೊದಲಿಂದ ನಿಮ್ಮನ್ನ ಹೊಡೀತಿದ್ದ ಅನ್ನೋದಕ್ಕೆ ಏನಾದ್ರೂ ಬರಹದಲ್ಲಿದೆಯಾ?" ಎಂದು ಕೇಳಿದರು. ಅಕ್ಕನನ್ನು ಕೇಳಿ ಹೇಳುತ್ತೇನೆಂದು ಬರೆದು ತೋರಿಸಿದೆ.


19 ಜೂನ್

ಗುಂಡಿ,

ಸಿಟ್ಟು ಮಾಡು. ಇನ್ನೂ ಮಾಡು. ನಾನು ಅದಕ್ಕೆ ಲಾಯಕ್ಕಾದವಳೇ.

ಚರ್ಮ ಇದೆಯೆಂದರೆ ನೀನು ಬಿಚ್ಚಿ ತೆಗೆಯುತ್ತೀಯೆಂದು ನೀನೇ ಬರೆದಿದ್ದೆ. ಅದಕ್ಕೇ ಸುಳ್ಳು ಹೇಳಿದೆ. ನಿನ್ನ ಕೈಗೆ ಗೊತ್ತಾಗದಂಥ ಚರ್ಮಕ್ಕಾಗಿ ಮೂರು ದಿನ ಅಲೆದೆ. ನಾಲ್ಕು ಪದರ ಇಟ್ಟು ಹೊಲಿದು, ಮೇಜಿನ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ನೋಡಿದೆ. ಕೆಳಗಿಟ್ಟ ಗಾಜಿನ ಬಳೆ ಒಡೆಯಲಿಲ್ಲ. ಎಷ್ಟು ಜಾಣೆ ನಾನು ಅಂದುಕೊಂಡೆ. ನೀನು ಕಡೇ ಗಳಿಗೆಯಲ್ಲಿ ಮನಸ್ಸು ಬದಲಿಸಬಹುದು ಅಂತ ನನಗೆ ಹೊಳೆಯಲೇ ಇಲ್ಲ. ನಿನ್ನ ಕೈ ಅಳತೆ ನನಗೆ ಗೊತ್ತು ಅಂತಿದ್ದೆ, ನಿನ್ನ ಮನಸ್ಸಿನ ಅಳತೆಯೂ ಗೊತ್ತು ಅಂದುಕೊಂಡೆ.

ಇನ್ನೊಂದು ಇದೆ. ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಹಾಳೆ ಓದಿದ ದಿನವೇ ಯಾಕೆ ರೈಲು ಹತ್ತಲಿಲ್ಲ ಅಂತ ನೀನು ಕೇಳಿಲ್ಲ. ಕೇಳಬೇಕಿತ್ತು. ಹದಿನೆಂಟು ಕೋಟು ಮುಗಿಸಿ ಹೋಗೋಣ ಅಂದುಕೊಂಡೆ. ಒಪ್ಪಿಕೊಂಡ ಕೆಲಸ ಬಿಟ್ಟು ಎದ್ದವಳಲ್ಲ ಅನ್ನುವ ಹೆಮ್ಮೆ. ಒಂದು ಕಡೆ ನಿನ್ನ ಮೂಳೆ ಮುರಿಯುತ್ತಿದ್ದವನು, ಇನ್ನೊಂದು ಕಡೆ ಅವನ ಕೋಟಿನ ಕಾಜಾ ಹಾಕುತ್ತಿದ್ದವಳು ನಾನು.

ಈಗ ಮುಖ್ಯ ವಿಷಯ. ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಫೆಬ್ರವರಿಯ ಅಳತೆ ಚೀಟಿ ಇದೆ, ಕೆಳಗೆ ಅವನ ಕೈಬರಹವೂ ಇದೆ, ಆದರೆ ಅದರಲ್ಲಿ ಹದಿನಾಲ್ಕು ಇಂಚು ಅಂತಷ್ಟೇ ಇದೆ, ಯಾಕೆ ಅಂತಿಲ್ಲ. ಏಪ್ರಿಲ್ ಚೀಟಿಯಲ್ಲಿ ಇಕ್ಕಳದ ಮಾತಿದೆ, ಆದರೆ ಕೇಳಿದ್ದು ಕೇಳಿದ್ದೇ ಎಂಬ ಸಾಲೂ ಇದೆ, ಅದನ್ನು ಕೊಡದೆ ಇಟ್ಟುಕೊಳ್ಳಬಹುದು. ಎಲ್ಲ ಬಿಡಿಸಿ ಹೇಳುವುದು ಮಾರ್ಚ್ ಇಪ್ಪತ್ತೈದರ ಹಾಳೆ ಒಂದೇ. ಬೀರು, ಹೆಬ್ಬೆರಳು, ಮೇಜಿನ ಅಂಚು, ಬಚ್ಚಲು ಅಂತ ಸುಳ್ಳು ಬರೆಸಿದ್ದು, ಎಲ್ಲ ಅದರಲ್ಲಿದೆ. ಅದನ್ನು ಓದಿದ ಯಾವ ನ್ಯಾಯಾಧೀಶರೂ ಕಂಬನನ್ನು ದ್ವೇಷದಿಂದ ಕೊಂದವನು ಅನ್ನಲಾರರು. ಆದರೆ ಅದೇ ಹಾಳೆಯ ಕೆಳಭಾಗದಲ್ಲಿ ಚರ್ಮ ಹಾಕಬೇಡ ಅಂತ ನೀನು ಕೇಳಿದ್ದೀಯ. ಅವನ ಒಂದು ಏಟು ಸಾಕು ಅಂತಲೂ ಬರೆದಿದ್ದೀಯ. ಅದನ್ನು ಓದಿದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ಎರಡರ ನಡುವೆ ಒಂದು ಸಾಲು ಖಾಲಿ ಇದೆ. ಅಲ್ಲಿ ಕತ್ತರಿಸಿದರೆ ನೇರವಾಗಿ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ನಿನ್ನನ್ನು ಕೇಳದೆ ನಿನ್ನ ತೋಳು ತಿದ್ದಿದೆ, ನಿನ್ನ ಕೈ ಮುರಿಯಿತು. ನಿನ್ನನ್ನು ಕೇಳದೆ ಚರ್ಮ ಹಾಕಿದೆ, ಹೀಗಾಯಿತು. ಈ ಸಲ ಕೇಳುತ್ತಿದ್ದೇನೆ. ಕತ್ತರಿಸಲಾ?

ಅಕ್ಕ


24 ಜೂನ್

ಅಕ್ಕಾ,

ಬೇಡ. ಪೂರ್ತಿ ಹಾಳೆ ಕೊಡು. ಏಪ್ರಿಲ್ ಚೀಟಿಯನ್ನೂ ಕೊಡು.

ಕತ್ತರಿಸಿದರೆ ನಾನು ಬರೀ ಹೊಡೆಸಿಕೊಂಡವಳಾಗುತ್ತೇನೆ. ಹೊಡೆಸಿಕೊಂಡೆ, ನಿಜ. ಕೊಲ್ಲಬೇಕು ಅಂತಲೂ ಕೇಳಿದೆ, ಕಂಬಣ್ಣನ ಕೈಯಿಂದಲೇ ಆಗಲಿ ಎಂದು ಕೇಳಿದೆ. ಇಪ್ಪತ್ತೈದು ವರ್ಷ ಅವನು ಒಳಗಿದ್ದು, ನಾನು ನಿನ್ನ ಪಕ್ಕ ಕೂತು ಕಾಜಾ ಹಾಕುವುದು ನನ್ನಿಂದಾಗುವುದಿಲ್ಲ. ಹದಿನಾರು ಜನ ತಾವು ಎಣಿಸಿದ್ದನ್ನು ಬಿಟ್ಟು ಮಿಕ್ಕಿದ್ದನ್ನು ಹೇಳಿದ್ದಾರೆ. ನಾನೂ ಅರ್ಧ ಹೇಳಿದರೆ ಹದಿನೇಳನೆಯವಳಾಗುತ್ತೇನೆ.

ಪೊಲೀಸರು ನನ್ನನ್ನೂ ಕರೆಯುತ್ತಾರೆ, ಗೊತ್ತು. ಕರೆಯಲಿ. ತಂತಿಯನ್ನು ನಿನ್ನೆ ಬಿಚ್ಚಿದರು. ಮೊದಲು ನೀರು ಕುಡಿದೆ. ಆಮೇಲೆ ಸಿಸ್ಟರ್ ಹತ್ತಿರ ಫೋನ್ ಕೇಳಿ ವಕೀಲರಿಗೆ ನಾನೇ ಮಾತಾಡಿದೆ. ಅರ್ಧ ಮಾತು ಅವರಿಗೆ ಅರ್ಥವಾಗಲಿಲ್ಲ, ಮೂರು ಸಲ ಹೇಳಿದೆ. ಬುಧವಾರ ಅವರು ನಿನ್ನ ಅಂಗಡಿಗೆ ಬರುತ್ತಾರೆ, ಹಾಳೆಯನ್ನು ಅವರ ಕೈಗೇ ಕೊಡು.

ನಿನ್ನ ತಂಗಿ